ಒಂಟಿ ಕೈಗೆ ಒಗ್ಗುವ ಪೈಪು

ಉದಕಮಂಡಲ
ಜುಲೈ 18, 1927, ಸೋಮವಾರ

ಸೌಭಾಗ್ಯವತಿ ಸರ್ವಮಂಗಳೆಗೂ, ಅವಳನ್ನು ಸುತ್ತುವರಿದು ಕುಳಿತ ಮಹಾಸಭೆಗೂ ಬೆಟ್ಟಯ್ಯನು ಕೈಮುಗಿದು ಅರಿಕೆ ಮಾಡುವುದೇನೆಂದರೆ—

ಎಲೈ ಗುಂಡ್ಲುಪೇಟೆಯ ಮಹಾಜನಗಳೇ! ನಡುಮನೆಯ ಕಂಬಕ್ಕೆ ಒರಗಿ ಕುಳಿತ ಅತ್ತೆಯವರೇ! ಕಾಲು ನೀಡಿ ಕುಳಿತಿರುವ, ದಿನ ತುಂಬುವ ತನಕ ಹಾಗೆಯೇ ಕುಳಿತಿರಬೇಕಾದ ನನ್ನ ಮಗಳೇ, ಗಿರಿಜೇ! ಅಕ್ಕಿ ಆರಿಸುವ ನೆಪದಲ್ಲಿ ಮೊರ ಹಿಡಿದು ಬಂದು ಸೇರಿದ ನೆರೆಮನೆಯ ತಾಯಂದಿರೇ! ಸದ್ದು, ಸದ್ದು! ಒರಳಿನ ಸದ್ದು ನಿಲ್ಲಲಿ, ಹಸುವಿಗೆ ಹುಲ್ಲು ಹಾಕಿ ಬಾಯಿ ಮುಚ್ಚಿಸಿರಿ. ನನ್ನ ಕಾಗದವೆಂದರೆ ನಿಮ್ಮ ಬೀದಿಗೆ ಟಿಕೆಟ್ಟಿಲ್ಲದ ನಾಟಕವೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಭಾವಮೈದ ರೇವಣ್ಣಾ, ಓದುವವನು ನೀನು. ಸ್ಕೂಲು ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಧ್ವನಿ ನನ್ನ ಕಾಗದಕ್ಕೆ ಸಾಲದು. ಎದ್ದು ನಿಲ್ಲು. ಎದೆ ತುಂಬ ಗಾಳಿ ಎಳೆದುಕೋ. ಮೂಗಿನಲ್ಲಿ ಓದಬೇಡ.

ಸರ್ವಮಂಗಳಾ, ಹೋದ ಕಾಗದದಲ್ಲಿ ನೀನು ಬರೆಸಿದ್ದು ಮೂರೇ ಮಾತು. “ಅಣ್ಣ ಹೇಗಿದ್ದಾನೆ, ಇದ್ದದ್ದು ಇದ್ದ ಹಾಗೆ ಬರೆಯಿರಿ. ಪಾತ್ರ ಕಟ್ಟಬೇಡಿ. ನಾನು ಮಗಳನ್ನು ಬಿಟ್ಟು ಹೊರಟು ಬರಬೇಕೋ ಬೇಡವೋ, ಅದೊಂದು ಹೇಳಿ.” ಪಾತ್ರ ಕಟ್ಟಬೇಡಿ ಅಂದರೆ! ಮೀಸೆ ಮೂಡುವ ಮೊದಲೇ ಕಂಪನಿ ಸೇರಿ, ಸೇನಾಪತಿಯಾಗಿ ಗರ್ಜಿಸಿ, ರಾಕ್ಷಸನಾಗಿ ಸತ್ತು, ಸತ್ತ ಮೇಲೂ ಒನ್ಸ್ ಮೋರ್ ಎಂದಾಗ ಎದ್ದು ಬಂದು ಮತ್ತೆ ಸತ್ತವನು ನಾನು. ಆದರೂ ಪ್ರಯತ್ನ ಮಾಡುತ್ತೇನೆ. ಇದ್ದದ್ದು ಇದ್ದ ಹಾಗೆ.

ಸಭೆಯಲ್ಲಿ ಗೊತ್ತಿಲ್ಲದವರಿಗಾಗಿ ಒಂದು ಮಾತು. ನಿನ್ನ ಅಣ್ಣ, ನನ್ನ ಭಾವ, ಇಲ್ಲಿನ ಆಲೂಗೆಡ್ಡೆ ಮಂಡಿಯ ಗುರುಮಲ್ಲಪ್ಪನವರಿಗೆ ಶಿವರಾತ್ರಿಯ ಹಿಂದುಮುಂದಿನಲ್ಲಿ ಲಕ್ವ ಹೊಡೆಯಿತು. ಮಾತು ಸರಿಹೋಯಿತು, ಕಾಲು ಸರಿಹೋಯಿತು. ಎಡಗೈ ಒಂದು ಮಾತ್ರ ಹೇಳಿದ ಮಾತು ಕೇಳದೆ ಜೋತುಬಿದ್ದಿತು. ನೀನು ಇಲ್ಲಿಂದ ಹೊರಟಾಗ ಭಾವ ಜಗುಲಿಯಲ್ಲಿ ಪೈಪು ಸೇದುತ್ತ ಕುಳಿತು, “ಹೋಗಿ ಬಾ ಮಂಗಳಾ, ಮೊಮ್ಮಗನ ಸುದ್ದಿ ಕಳಿಸು” ಎಂದು ಬಲಗೈ ಎತ್ತಿದ್ದರಲ್ಲ, ಅದೇ ಕೊನೆ. ಮಳೆ ಹಿಡಿಯಿತು. ಭಾವ ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

ಮಂಡಿಗೆ ಹೋಗಲಿಲ್ಲ. ಜಗುಲಿಗೆ ಬರಲಿಲ್ಲ. ತಟ್ಟೆಯಲ್ಲಿ ಹಾಕಿದ್ದರಲ್ಲಿ ಅರ್ಧ ಹಾಗೆಯೇ ವಾಪಸು ಹೋಗುತ್ತಿತ್ತು. ಒಂದು ದಿನ ಗೋಡೆಯ ಕಡೆ ಮುಖಮಾಡಿಕೊಂಡೇ ಹೇಳಿದರು: “ಬೆಟ್ಟಯ್ಯ, ಮಳೆ ಬಿಟ್ಟ ಮೇಲೆ ಮಂಡಿ ಮುಚ್ಚಿಬಿಡ್ತೀನಿ. ಗುಂಡ್ಲುಪೇಟೆಗೆ ಹೋಗಿ ಅಮ್ಮನ ಹತ್ರ ಬಿದ್ದಿರ್ತೀನಿ.”

ಅತ್ತೆಯವರೇ, ಮಗ ಬರುತ್ತಾನೆಂದು ಹಿಗ್ಗಬೇಡಿ. ಬರುವ ಮಗ ಬೇರೆ, ಬಿದ್ದಿರಲು ಬರುವ ಮಗ ಬೇರೆ. ಮೂವತ್ತು ವರ್ಷ ಈ ಚಳಿಯಲ್ಲಿ ನಿಂತು, ಸುತ್ತಲ ಹಟ್ಟಿಗಳ ಬಡಗ ರೈತರ ಗೆಡ್ಡೆಗೆಲ್ಲ ತಕ್ಕಡಿ ಹಿಡಿದು, ಒಬ್ಬರ ಬಾಯಲ್ಲೂ ಕೆಟ್ಟ ಮಾತು ಹುಟ್ಟಿಸದವರು ನಿಮ್ಮ ಮಗ. ಅಂಥವರ ಬಾಯಲ್ಲಿ ‘ಬಿದ್ದಿರ್ತೀನಿ’ ಎಂಬ ಮಾತು!

ಕಾರಣವೇನು? ಡಾಕ್ಟರು ನಡೆದಾಡಿಸಿ ಎಂದರು. ಜೋಯಿಸರು ಶನಿ ಎಂದರು. ನಾನು ಮನರಂಜನೆ ಎಂದೆ. ಹಾಸಿಗೆಯ ಮುಂದೆ ನಿಂತು ವಿದೂಷಕನ ಪಾತ್ರವನ್ನು ಹಾಡು ಸಮೇತ ಪೂರ್ತಿ ಆಡಿ ತೋರಿಸಿದೆ. ಮೈಸೂರಿನಲ್ಲಿ ಜನ ಬೆಂಚಿನಿಂದ ಬಿದ್ದು ನಕ್ಕ ಪಾತ್ರ. ಭಾವ ಕೇಳಿದರು. ಕೊನೆಯಲ್ಲಿ, “ಹೋಗುವಾಗ ಬಾಗಿಲು ಮುಂದಕ್ಕೆ ಎಳಕೊಂಡು ಹೋಗು” ಅಂದರು.

ಇನ್ನು ಕಥೆಗೆ ಬರುತ್ತೇನೆ. ನೀನಿಲ್ಲದ ಮೇಲೆ ನನ್ನ ಊಟ ಭಾವನ ಮನೆಯಲ್ಲಿಯೇ ಎಂಬುದು ನಿನಗೆ ಗೊತ್ತಲ್ಲ. ಸೊಸೆ ಲಿಂಗಾಜಮ್ಮ ಬಡಿಸುತ್ತಾಳೆ. ಅವಳ ಗಂಡ ವಾರದಲ್ಲಿ ಬಹುಪಾಲು ಮೂಟೆಗಳ ಜೊತೆ ಬೆಟ್ಟದ ಕೆಳಗೆ ಮೇಟ್ಟುಪಾಳಯದಲ್ಲಿಯೇ ಇರುತ್ತಾನೆ. ಮನೆಯಲ್ಲಿ ಮಾವ, ಸೊಸೆ, ಇಬ್ಬರೇ. ಒಂದು ದಿನ ಊಟ ಮುಗಿಸಿ ಭಾವನ ಕೋಣೆಗೆ ಹೋದವನಿಗೆ ಏನೋ ಒಂದು ಇಲ್ಲ, ಏನೋ ಒಂದು ಇಲ್ಲ ಎನ್ನಿಸಿತು. ಏನದು? ಮೂಗರಳಿಸಿದೆ. ಹೊಗೆ! ಆ ಕೋಣೆಯಲ್ಲಿ ಯಾವಾಗಲೂ ಇರುತ್ತಿದ್ದ, ಬೆಲ್ಲ ಸೀದ ಹಾಗಿನ ತಂಬಾಕಿನ ವಾಸನೆ ಇರಲಿಲ್ಲ. ಕಿಟಕಿಯ ಮೇಲೆ ಪೈಪು ಬಿದ್ದಿತ್ತು, ತಣ್ಣಗೆ, ಬೂಷ್ಟು ಹಿಡಿದು. ಕೈಗೆ ತೆಗೆದುಕೊಂಡೆ.

“ಮುಟ್ಟಬೇಡ ಬೆಟ್ಟಯ್ಯ, ಎಂಜಲು ಅದು!”

“ಎಂಜಲು ಒಣಗಿ ಬೂಷ್ಟು ಬಂದಿದೆ ಭಾವ. ಯಾಕೆ ಬಿಟ್ಟಿರಿ?”

“ನಾನೆಲ್ಲಿ ಬಿಟ್ಟೆ? ಅದೇ ನನ್ನ ಬಿಡ್ತು.”

ತಾಯಂದಿರೇ, ನಿಮ್ಮಲ್ಲಿ ಪೈಪು ಕಂಡವರು ಕಡಿಮೆ. ಅತ್ತೆಯವರು ಚುಂಗಾಣಿ ಎನ್ನುತ್ತಾರಲ್ಲ, ಅದೇ, ಆದರೆ ವಿಲಾಯತಿ ಅವತಾರ. ಅದಕ್ಕೆ ಎರಡೇ ಅಂಗ. ತಂಬಾಕು ತುಂಬುವ ಮರದ ಬುರುಡೆ ಒಂದು. ಬಾಯಲ್ಲಿ ಕಚ್ಚುವ ಕರಿಯ ಕೊಳವೆ ಒಂದು. ಕೊಳವೆಯ ಮೂತಿ ಬುರುಡೆಯ ಕತ್ತಿನೊಳಗೆ ಬಿಗಿಯಾಗಿ ಕೂರುತ್ತದೆ. ದಿನಕ್ಕೊಮ್ಮೆ ಆ ಕೊಳವೆಯನ್ನು ಹೊರಗೆಳೆದು ಪೊರಕೆ ಕಡ್ಡಿ ಹಾಕಿ ಶುಚಿ ಮಾಡಬೇಕು. ಮಾಡದಿದ್ದರೆ ಒಳಗಿನ ಕಹಿ ರಸ ನಾಲಗೆಗೆ ಬರುತ್ತದೆ, ಹಾಗಲಕಾಯಿ ಅದರ ಮುಂದೆ ಜಿಲೇಬಿ. ಎರಡು ಕೈ ಇದ್ದವನಿಗೆ ಇದು ಕೆಲಸವೇ ಅಲ್ಲ. ಒಂದು ಕೈಯಲ್ಲಿ ಬುರುಡೆ, ಒಂದು ಕೈಯಲ್ಲಿ ಕೊಳವೆ, ತಿರುವಿದರೆ ಮುಗಿಯಿತು. ಒಂದೇ ಕೈ ಇದ್ದವನು ಏನು ಮಾಡಬೇಕು? ಅದರ ಮೇಲೆ ಈ ಊರಿನ ಮಳೆಗಾಲ. ಉಪ್ಪು ನೀರಾಗುತ್ತದೆ, ಬಾಗಿಲು ಉಬ್ಬಿ ಹೊಸಿಲಿಗೆ ಕಚ್ಚಿಕೊಳ್ಳುತ್ತದೆ. ಪೈಪಿನ ಮರವೂ ಉಬ್ಬಿತು, ಕೊಳವೆ ಕಚ್ಚಿಕೊಂಡಿತು.

ಭಾವ ಸುಮ್ಮನೆ ಬಿಟ್ಟವರಲ್ಲ. ಮಂಡಿ ಸಂದಿಯಲ್ಲಿ ಬುರುಡೆ ಇರುಕಿಸಿಕೊಂಡು ಎಳೆದರಂತೆ. ಬಾಗಿಲ ಸಂದಿಗೆ ಸಿಕ್ಕಿಸಿ ಎಳೆದರಂತೆ. ಕೊನೆಗೆ ಹಲ್ಲಲ್ಲಿ ಕಚ್ಚಿ ಎಳೆಯುತ್ತಿದ್ದಾಗ ಕಸ ಗುಡಿಸಲು ಬಂದ ಲಿಂಗಾಜಮ್ಮ ನೋಡಿದಳು. ಪಾಪ, ಪೊರಕೆ ಕೆಳಗಿಟ್ಟು ಕೈ ಚಾಚಿದಳು. “ಕೊಡಿ ಮಾವ, ನಾ ಎಳ್ದುಕೊಡ್ತೀನಿ.”

“ಸೊಸೆ ಕೈಗೆ ನನ್ನ ಬಾಯೆಂಜಲು ಕೊಡಲಾ ಬೆಟ್ಟಯ್ಯ?” ಎಂದರು ಭಾವ. “ಅವಳಿದ್ದಿದ್ರೆ ಎಳ್ದುಕೊಡ್ತಿದ್ಲು. ಹೆಂಡ್ತಿಗೆ ಎಂಜಲಿಲ್ಲ. ಅವಳಿಲ್ವಲ್ಲ.”

ತೀರಿಹೋದ ನಿನ್ನ ಅತ್ತಿಗೆಯ ಮಾತು ಇದು, ಸರ್ವಮಂಗಳಾ. ಆಮೇಲೆ ಕೇಳಿದೆ, ಪೈಪು ಸೇದದಿದ್ದರೆ ಬೇಡ, ಜಗುಲಿ ಏನು ಪಾಪ ಮಾಡಿತು ಎಂದು.

“ಜಗುಲಿಗೆ ಬಂದ್ರೆ ನಮಗೆ ಗೆಡ್ಡೆ ತರೋ ಸೋಲೂರಿನ ಮಾದನ್ ಬಂದು ಪಕ್ಕ ಕೂರ್ತಾನೆ. ತಂಬಾಕಿನ ಚೀಲ ಬಿಚ್ಚಿ ಮುಂದೆ ಇಡ್ತಾನೆ. ಯಾಕಣ್ಣ ಸೇದಲ್ಲ ಅಂತಾನೆ. ಏನು ಹೇಳ್ಲಿ? ಕೊಳವೆ ಕೀಳೋಕೆ ತ್ರಾಣ ಇಲ್ಲ ಕಣಪ್ಪ ಅನ್ನಲಾ? ಅವರಪ್ಪನ ಕಾಲದಿಂದ ಮೂಟೆ ಎತ್ತಿ ತಕ್ಕಡಿಗೆ ಹಾಕಿದ ಕೈ ಇದು.”

“ಅಯ್ಯೋ ಭಾವ, ಒಂದು ಕೊಳವೆಗೋಸ್ಕರ ಮಂಡಿ ಮುಚ್ಚೋದೆ?”

“ಕೊಳವೆ ಅಲ್ಲ ಬೆಟ್ಟಯ್ಯ. ಇವತ್ತು ಕೊಳವೆ, ನಾಳೆ ಅಂಗಿ ಗುಂಡಿ, ನಾಡಿದ್ದು ತುತ್ತು. ಎಲ್ಲೋ ಒಂದು ಕಡೆ ಸಾಕು ಅನ್ನಬೇಕಲ್ಲ.”

ಸಭಿಕರೇ, ಇಂಥ ಮಾತು ಕೇಳಿದ ನಟ ಏನು ಮಾಡುತ್ತಾನೆ? ಸಾಹಸ ಮಾಡುತ್ತಾನೆ. “ಕೊಡಿ ಇಲ್ಲಿ!” ಎಂದು ಪೈಪು ಹಿಡಿದು ಅಡಿಗೆಮನೆಗೆ ನುಗ್ಗಿದೆ. ಕಂಪನಿಯಲ್ಲಿ ಬಣ್ಣದ ಡಬ್ಬಿಯ ಮುಚ್ಚಳ ಚಳಿಗೆ ಕಚ್ಚಿಕೊಂಡರೆ ದೀಪಕ್ಕೆ ಹಿಡಿಯುತ್ತಿದ್ದೆವು. ಬಿಸಿಯಾದ ಕೂಡಲೆ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ನಲವತ್ತು ವರ್ಷದ ಅನುಭವ! ಪೈಪಿನ ಕತ್ತನ್ನು ಅಗ್ಗಿಷ್ಟಿಕೆಯ ಕೆಂಡದ ಮೇಲೆ ಹಿಡಿದೆ, ಚೆನ್ನಾಗಿ ಬಿಸಿ ಮಾಡಿದೆ, ಸೀರೆ ಸೆಳೆಯಲು ಬಂದ ಖಳನ ಕೈ ತಿರುಚುವ ವರಸೆಯಲ್ಲಿ ಒಂದೇ ತಿರುವು ತಿರುವಿದೆ.

ಟಳ್!

ಡಬ್ಬಿಯ ಮುಚ್ಚಳ ಹೊರಗಿರುತ್ತದೆ, ಬಿಸಿಗೆ ಸಡಿಲವಾಗುತ್ತದೆ. ಪೈಪಿನ ಕೊಳವೆ ಒಳಗಿರುತ್ತದೆ, ಬಿಸಿಗೆ ಉಬ್ಬುತ್ತದೆ. ಇದು ನನಗೆ ತಿಳಿದದ್ದು ಬುರುಡೆಯ ಕತ್ತು ಉದ್ದಕ್ಕೂ ಸೀಳಿ ಕೈಗೆ ಬಂದ ಮೇಲೆ. ಲಿಂಗಾಜಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಎರಡು ತುಂಡನ್ನೂ ತಂದು ಭಾವನ ಮುಂದೆ ಇಟ್ಟೆ. ಬೈದಿದ್ದರೆ ಚೆನ್ನಾಗಿತ್ತು. ಅವರು ನೋಡಿದರು. “ಸರಿ. ಮುಗೀತು” ಎಂದರು, ಮತ್ತೆ ಗೋಡೆ ಕಡೆ ತಿರುಗಿದರು.

ಮರುದಿನ ಮಳೆಯಲ್ಲಿಯೇ ಕೊಡೆ ಹಿಡಿದು ಚೇರಿಂಗ್ ಕ್ರಾಸಿನ ಹತ್ತಿರದ ಒಂದು ವಿಲಾಯತಿ ಸಾಮಾನಿನ ಅಂಗಡಿಗೆ ಹೋದೆ. ಅಲ್ಲಿ ಕುಳಿತಿರುವವನು ರಾಜಾಮಣಿ ಎಂಬಾತ. ನಮ್ಮ ಭಾಷೆಯನ್ನು ತಮಿಳಿನಲ್ಲಿ ಅದ್ದಿ ಆಡುತ್ತಾನೆ. “ವಾಂಗೋ ಸ್ವಾಮಿ, ಏನು ಬೇಣು?” ಅಂದ. “ಪೈಪುಗಳನ್ನೆಲ್ಲ ಸಭೆಗೆ ಕರೆಸು!” ಅಂದೆ.

ಗಾಜಿನ ಪೆಟ್ಟಿಗೆಯಿಂದ ಮಖಮಲ್ಲಿನ ಮೇಲೆ ಸಾಲಾಗಿ ಬಂದವು ನೋಡು ಸರ್ವಮಂಗಳಾ, ಥೇಟು ನಮ್ಮ ಕಂಪನಿಯ ಬಣ್ಣದ ಕೋಣೆ! ನೆಟ್ಟಗೆ, ತೆಳ್ಳಗೆ, ಮಿರಿಮಿರಿ ಮಿಂಚುವ ಒಬ್ಬ ಯುವರಾಜ. ಸೊಂಡಿಲಿನ ಹಾಗೆ ಬಾಗಿ ಎದೆಯ ತನಕ ಇಳಿಬಿದ್ದ ಮುದಿ ಮಂತ್ರಿ. ಹೊಟ್ಟೆ ಡುಬ್ಬ ಬಿಟ್ಟುಕೊಂಡ ವಿದೂಷಕ. ಬುರುಡೆಯ ಮೇಲೆ ಗಡ್ಡದವನ ಮುಖ ಕೆತ್ತಿದ್ದ ಒಬ್ಬ ಖಳನಾಯಕ. ಪ್ರತಿಯೊಂದನ್ನೂ ಬಾಯಿಗಿಟ್ಟುಕೊಂಡು ಕನ್ನಡಿಯ ಮುಂದೆ ಅವರವರ ನಡಿಗೆ ನಡೆದೆ. ಮಂತ್ರಿಯ ನಡಿಗೆಗೆ ಕೊಡೆ ಕೋಲಾಯಿತು.

“ಸ್ವಾಮಿ, ಇದು ಅಂಗಡಿ. ನಾಟಕ ಕೊಟ್ಟಗೈ ಇಲ್ಲೆ” ಎಂದ ರಾಜಾಮಣಿ.

ಅವನ ಮಾತಿನಿಂದ ಬುದ್ಧಿ ಬಂತು. ಚೆಂದ ನೋಡಲು ಬಂದವನಲ್ಲ ನಾನು. ಎಡಗೈಯನ್ನು ಬೆನ್ನಿಗೆ ಮಡಚಿ, ಹೊದ್ದ ಶಾಲನ್ನು ಬಿಗಿಯಾಗಿ ಸುತ್ತಿ, ತುದಿಯನ್ನು ಹಲ್ಲಲ್ಲಿ ಕಚ್ಚಿ ಗಂಟು ಹಾಕಿಕೊಂಡೆ.

“ಐಯ್ಯೋ, ಕೈಗೆ ಏನಾಯ್ತು ಸ್ವಾಮಿ?”

“ಈಗ ತಾನೆ ಬಿದ್ದುಹೋಯಿತು. ಇನ್ನು ತೋರಿಸು ನಿನ್ನ ಪೈಪು.”

ಅಲ್ಲಿಂದ ಪರೀಕ್ಷೆ ಆರಂಭ. ಸ್ಟೂಲಿನ ಮೇಲೆ ಕುಳಿತು ಯುವರಾಜನನ್ನು ಮಂಡಿ ಸಂದಿಗೆ ಇರುಕಿಸಿ ಬಲಗೈಯಲ್ಲಿ ಕೊಳವೆ ಎಳೆದೆ. ಬರಲಿಲ್ಲ. ಮಂತ್ರಿಯ ಕೊಳವೆ ಎಳೆದರೆ ಮಂಡಿಯೇ ಎದ್ದು ಬಂತು. ವಿದೂಷಕನದು ಸಲೀಸಾಗಿ ಬಂತು, ಆಹಾ ಎಂದು ಬಾಯಲ್ಲಿಟ್ಟು ನಕ್ಕೆ. ಕೊಳವೆ ಹಲ್ಲಲ್ಲಿ ಉಳಿಯಿತು, ಬುರುಡೆ ಕಳಚಿ ಉರುಳಿ ಹೋಗಿ ನಾಯಿ ಹಿಡಿದು ನಿಂತಿದ್ದ ಒಬ್ಬ ದೊರೆಸಾನಿಯ ಕಾಲ ಹತ್ತಿರ ನಿಂತಿತು. ನಾಯಿ ಮೂಸಿತು. ದೊರೆಸಾನಿ ‘ಪೂರ್ ಮ್ಯಾನ್’ ಎಂದು ನನ್ನ ಕಟ್ಟಿದ ಕೈಯನ್ನು ನೋಡಿ ಮರುಗಿದಳು. ಇಷ್ಟು ವರ್ಷದ ವೃತ್ತಿಯಲ್ಲಿ ಅಷ್ಟು ಸುಲಭವಾಗಿ ಕರುಣರಸ ಬಂದದ್ದು ನನಗೆ ನೆನಪಿಲ್ಲ. ಬಾಗಿ ನಮಸ್ಕರಿಸಿದೆ, ಒಂದೇ ಕೈಯಲ್ಲಿ.

ಎಲ್ಲವೂ ಬಿಗಿ, ಇಲ್ಲವೇ ಸಡಿಲ. ರಾಜಾಮಣಿಗೆ ಈಗ ವಿಷಯ ಅರ್ಥವಾಯಿತು. ಸ್ಟೂಲು ಎಳೆದುಕೊಂಡು ಪಕ್ಕಕ್ಕೆ ಬಂದು ಕುಳಿತ. “ಹೊಸ ಪೈಪು ಬಿಗಿಯಾಗೇ ಇರೋದು ಸ್ವಾಮಿ. ಹೊಸ ಚಪ್ಪಲಿ ಕಡಿಯೋದಿಲ್ಲವಾ? ಅದೇ ಮಾದಿರಿ. ಪೆನ್ಸಿಲ್ ಸೀಸ ಇದೆಯಲ್ಲ, ಅದನ್ನ ಕೊಳವೆ ಮೂತಿಗೆ ಸುತ್ತಲೂ ಉಜ್ಜಿ, ಹಾಕಿ ತೆಗೆದು, ಹಾಕಿ ತೆಗೆದು ಮಾಡಿ. ದಾರಿಗೆ ಬರುತ್ತೆ. ಎಣ್ಣೆ ಹಾಕಬೇಡಿ, ಮರ ಉಬ್ಬಿಬಿಡುತ್ತೆ. ಉಪ್ಪುಕಾಗದ ಹಾಕಿ ತೇಯಲೇಬೇಡಿ. ಸವೆದುಹೋದ ಮೇಲೆ ಸಾಮಿಯೇ ಬಂದರೂ ಬಿಗಿ ಆಗೋದಿಲ್ಲ. ಅಪ್ಪುರಂ ಇನ್ನೊಂದು. ಬಿಸಿ ಇರುವಾಗ ತಿರುಗಿಸೋ ಪೈತ್ಯಗಾರ ಹುಚ್ಚರೂ ಇರುತ್ತಾರೆ.”

ನಾನು ಅಂಗಡಿಯ ಚಾವಣಿಯನ್ನು ನೋಡಿದೆ. ಚಾವಣಿ ಚೆನ್ನಾಗಿತ್ತು.

ಆಮೇಲೆ ಅವನು ಒಳಗಿಂದ ಒಂದನ್ನು ತಂದ. ಗಿಡ್ಡ, ದಪ್ಪ, ಅಂದವಿಲ್ಲ. ಮದ್ದಳೆಯ ತುಂಡಿನ ಹಾಗಿದೆ. ಆದರೆ ಬುರುಡೆಯ ತಳ ಚಪ್ಪಟೆ! ಮೇಜಿನ ಮೇಲಿಟ್ಟರೆ ಗಂಭೀರವಾಗಿ ಕುಂಡೆ ಊರಿ ತಾನೇ ಕೂರುತ್ತದೆ. ಹಿಡಿದುಕೊಳ್ಳಲು ಇನ್ನೊಂದು ಕೈ ಬೇಡ, ಒಂದೇ ಕೈಯಲ್ಲಿ ತುಂಬಬಹುದು. ಕತ್ತಿಗೆ ಬೆಳ್ಳಿಯ ಪಟ್ಟಿ ಹಾಕಿತ್ತು. ಕೊಳವೆಯ ಮೂತಿ ಮೊಳೆಯ ಹಾಗೆ ಮೊನೆಯ ಕಡೆ ಸಣ್ಣ. “ಪಟ್ಟಾಳದವರಿಗೆ ಅಂತಲೇ ಮಾಡಿದ್ದು. ವೆಲಿಂಗ್ಟನ್ ಸೋಲ್ಜರ್ಗಳು ಇದನ್ನೇ ಕೇಳುತ್ತಾರೆ. ತಿರುಗಿಸೋ ಹಾಗಿಲ್ಲ, ನೇರ ಎಳೆಯೋದು, ನೇರ ತಳ್ಳೋದು. ಪಟ್ಟಿ ಇರೋದರಿಂದ ಮರ ಸೀಳೋದಿಲ್ಲ” ಎಂದ. ಮಂಡಿ ಸಂದಿಗೆ ಹಾಕಿ ಎಳೆದೆ. ಬಿಗಿಯೇ. ಆದರೆ ಮಾತು ಕೇಳುವ ಬಿಗಿ. ಎರಡನೆಯ ಸಲಕ್ಕೆ ಬಂತು. ರಾಜ್ಯಕ್ಕೆ ರಾಜ ಸಿಕ್ಕಿದ! ಬೆಲೆ ಕೇಳಬೇಡ. ನೀನು ಕೇಳಿದರೂ ರೇವಣ್ಣ ಕೆಮ್ಮಿ ಮುಂದೆ ಓದತಕ್ಕದ್ದು.

ಮನೆಗೆ ಬಂದೆ. ಭಾವನ ಎದುರಿಗೇ ಕುಳಿತು ಪೊಟ್ಟಣ ಬಿಚ್ಚಿದೆ.

“ಯಾರಿಗೆ ಅದು?” ಗೋಡೆಯೇ ಮಾತಾಡಿದ ಹಾಗಿತ್ತು.

“ನನಗೆ.”

“ನಿನಗಾ? ಕಂಠ ಹೋಗುತ್ತೆ ಅಂತ ಒಗ್ಗರಣೆ ಹೊಗೆಗೆ ಓಡಿಹೋಗೋನು ನೀನು. ಯಾವಾಗಿನಿಂದ ಸೇದ್ತೀಯ?”

“ಈ ಕ್ಷಣದಿಂದ!” ಎಂದು ತಂಬಾಕಿನ ಡಬ್ಬಿ ಬಿಚ್ಚಿ, ಕೊಟ್ಟಿಗೆಗೆ ಹುಲ್ಲು ತುರುಕುವ ಹಾಗೆ ತುರುಕಿದೆ. ಕಡ್ಡಿ ಗೀರಿದೆ. ಎಳೆದೆ. ಹೊತ್ತಲಿಲ್ಲ. ಮತ್ತೆ ಗೀರಿದೆ. ಹೊತ್ತಿತು. ಹೊಗೆ ಹೋಗಬಾರದ ಕಡೆಯೆಲ್ಲ ಹೋಯಿತು. ಕಣ್ಣಲ್ಲಿ, ಮೂಗಲ್ಲಿ, ಕಿವಿಯಲ್ಲಿಯೂ ಬಂತೆಂದು ನನ್ನ ನಂಬಿಕೆ. ಕೆಮ್ಮಿದ ರಭಸಕ್ಕೆ ಅಡಿಗೆಮನೆಯಲ್ಲಿ ಏನೋ ಬಿತ್ತು.

ಭಾವ ಈ ಕಡೆ ತಿರುಗಿದರು. ಎಷ್ಟು ಹೊತ್ತು ತಡೆದಾರು! ಎದ್ದೇ ಕುಳಿತರು. “ಅಯ್ಯೋ ಮಡೆಯ! ಮೂಟೆ ತುಂಬ್ತಾ ಇದೀಯೇನೋ? ಕೊಡು ಇಲ್ಲಿ! ಕೆಳಗೆ ಸಡಿಲ ಇರಬೇಕು, ಮೇಲೆ ಸ್ವಲ್ಪ ಬಿಗಿ.” ಪೈಪನ್ನು ನನ್ನ ಕೈಯಿಂದ ಕಿತ್ತುಕೊಂಡರು, ಪೆಟ್ಟಿಗೆಯ ಮೇಲೆ ಊರಿದರು. ನಿಂತಿತು. ಅದು ತಾನೇ ನಿಂತದ್ದನ್ನು ಅರೆಕ್ಷಣ ನೋಡಿದರು, ನನ್ನ ಮುಖ ನೋಡಿದರು. ನಾನು ಕೆಮ್ಮುವುದರಲ್ಲಿ ಮಗ್ನನಾಗಿದ್ದೆ. ಕೊಳವೆಯ ತುದಿಯನ್ನು ಪಂಚೆಗೆ ಒರೆಸಿಕೊಂಡು, ಬಲಗೈಯಲ್ಲಿಯೇ ಬುರುಡೆ ಖಾಲಿ ಮಾಡಿ, ಚಿಟಿಕೆ ಚಿಟಿಕೆಯಾಗಿ ತುಂಬಿದರು. “ಗೆಡ್ಡೆ ಮೂಟೆಗೆ ದಪ್ಪದ್ದನ್ನ ಮೇಲಿಟ್ಟು ಮೋಸ ಮಾಡಬಹುದು. ತಂಬಾಕಿಗೆ ಆ ಆಟ ನಡೆಯಲ್ಲ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಕಡ್ಡಿ ಗೀರಿದರು. ಬೆಲ್ಲ ಸೀದ ವಾಸನೆ ಕೋಣೆ ತುಂಬಿತು. ಸರ್ವಮಂಗಳಾ, ಆ ಮುಖವನ್ನು ನೀನು ನೋಡಬೇಕಾಗಿತ್ತು.

ಇಲ್ಲಿ ಲಿಂಗಾಜಮ್ಮನ ಪ್ರವೇಶ. ಒಳಗಿನಿಂದ, ಯಾರಿಗೂ ಅಲ್ಲ ಎಂಬಂತೆ, ಪಾತ್ರೆಗೆ ಹೇಳುವ ಹಾಗೆ ಹೇಳಿದಳು: “ಮನೆಯೆಲ್ಲ ಹೊಗೆ. ಜಗುಲಿ ಅಂತ ಒಂದು ಕಟ್ಟಿಸಿದ್ರಂತೆ, ಯಾಕೆ ಕಟ್ಟಿಸಿದ್ರೋ!”

ಸೊಸೆಗೆ ತೊಂದರೆಯೆಂದ ಮೇಲೆ ಭಾವ ಕೂರುವರೇ? ಎದ್ದರು. ಹೊರಗೆ ಬಂದರು. ಜಗುಲಿಯಲ್ಲಿ ಕುಳಿತರು. ನಾನು ಒಂದು ಮಾತೂ ಆಡಲಿಲ್ಲ. ಇದು ನನ್ನ ಜೀವನದಲ್ಲಿಯೇ ದೊಡ್ಡ ಅಭಿನಯ.

ಪೈಪು ಮುಗಿಯಿತು, ತಣ್ಣಗಾಯಿತು. ಭಾವ ಬುರುಡೆಯನ್ನು ಮಂಡಿ ಸಂದಿಗೆ ಇಟ್ಟು ಕೊಳವೆ ಎಳೆದರು. ಬರಲಿಲ್ಲ. ಅಂಗಡಿಯಲ್ಲಿ ನನ್ನ ಮಾತು ಕೇಳಿದ್ದ ಕೊಳವೆ! ಪೆನ್ಸಿಲ್ ಸೀಸವನ್ನೂ ಉಜ್ಜಿದ್ದೆ. ಆದರೆ ನನ್ನ ಮಂಡಿ ಬೇರೆ, ಭಾವನ ಮಂಡಿ ಬೇರೆ. ಕಾಯಿಲೆ ಬಿದ್ದವರಿಗೆ ಇರುಕುವ ಬಲ ಎಲ್ಲಿಂದ ಬರಬೇಕು, ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲೇ ಇಲ್ಲ. ಮತ್ತೆ ಎಳೆದರು. ಬುರುಡೆ ಜಾರಿತು. ಅದೇ ಸಮಯಕ್ಕೆ ಕಣಿವೆಯ ಮಂಜಿನೊಳಗಿಂದ ಕಂಬಳಿ ಹೊದ್ದು ಒಬ್ಬ ಏರು ಹತ್ತಿ ಬರುತ್ತಿದ್ದ. ಯಾರು? ಸೋಲೂರಿನ ಮಾದನ್! ಜಗುಲಿಯಲ್ಲಿ ಭಾವನನ್ನು ಕಂಡು ದೂರದಿಂದಲೇ ಕೈ ಎತ್ತಿದ.

ಭಾವ ಪೈಪನ್ನು ಶಾಲಿನೊಳಗೆ ತುರುಕಿ ಎದ್ದರು. ಒಳಗೆ ಹೋಗಲು ತಿರುಗಿದರು. ಈಗ ಒಳಗೆ ಹೋದರೆ ಈ ಮನುಷ್ಯ ಇನ್ನು ಹೊರಗೆ ಬರುವುದಿಲ್ಲವೆಂದು ನನಗೆ ಗೊತ್ತು. ತಡೆಯಲು ಎದ್ದೆ.

ಬಾಗಿಲಲ್ಲಿ ಲಿಂಗಾಜಮ್ಮ ನಿಂತಿದ್ದಳು. ಅಡ್ಡ. ಮಾವನ ಎದುರಿಗೆ ತಲೆ ಎತ್ತಿ ನಿಲ್ಲದ ಹುಡುಗಿ ಅವತ್ತು ಹೊಸಿಲು ಬಿಟ್ಟು ಸರಿಯಲಿಲ್ಲ.

“ಮಾವ, ಎಂಜಲಾಗೋದು ಕೊಳವೆ ತಾನೆ? ಬುರುಡೆ ಬಾಯಿಗೆ ಹೋಗುತ್ತಾ?”

“ಇಲ್ಲಮ್ಮ…”

“ಹಂಗಾರೆ ಬುರುಡೆ ನಾ ಹಿಡ್ಕೋತೀನಿ. ಕೊಳವೆ ನೀವೇ ಎಳೀರಿ. ಬೇಗ, ಅವರು ಬಂದ್ರು.”

ಎಂಥ ಮಾತು ಸರ್ವಮಂಗಳಾ! ಸೆರಗಿನ ತುದಿಯನ್ನು ಅಂಗೈಗೆ ಹಾಕಿಕೊಂಡು ಮುಂದೆ ಚಾಚಿದಳು. ಭಾವ ಅವಳ ಕೈ ನೋಡಿದರು, ದಾರಿ ನೋಡಿದರು. ಶಾಲಿನೊಳಗಿನಿಂದ ಪೈಪು ಹೊರಗೆ ಬಂತು. ಅವಳು ಬುರುಡೆಯನ್ನು ಎರಡು ಕೈಯಲ್ಲಿ ಭದ್ರವಾಗಿ ಹಿಡಿದಳು. ಭಾವ ಕೊಳವೆ ಹಿಡಿದು ಹಿಂದಕ್ಕೆ ವಾಲಿದರು. ಮಾವ ಆ ಕಡೆ, ಸೊಸೆ ಈ ಕಡೆ, ಹಗ್ಗಜಗ್ಗಾಟ!

ಪುಳಕ್! ಬಂತು. ಭಾವ ನನ್ನ ಮೇಲೆ ಬಿದ್ದರು, ನಾನು ಕಂಬದ ಮೇಲೆ ಬಿದ್ದೆ. ಲಿಂಗಾಜಮ್ಮ ಬುರುಡೆಯನ್ನು ಜಗುಲಿಯ ಮೇಲೆ ಊರಿ ಇಟ್ಟು, ಏನೂ ನಡೆದಿಲ್ಲ ಎನ್ನುವ ಹಾಗೆ ಒಳಗೆ ಹೋಗಿ ಕಾಫಿಗೆ ನೀರಿಟ್ಟಳು.

ಮಾದನ್ ಬಂದ. “ಒಳ್ಳೆಂಗೆ ಇದ್ದೀಯಾ ಅಣ್ಣಾ? ಇದೇನು, ನೀವಿಬ್ಬರೂ ಕುಸ್ತಿ ಹಿಡಿತಿದ್ದೀರಾ?”

“ಬಾ ಮಾದಾ, ಕೂತ್ಕೋ” ಎಂದರು ಭಾವ. ಪೊರಕೆ ಕಡ್ಡಿ ತೆಗೆದು ಕೊಳವೆಯೊಳಗೆ ಹಾಕುತ್ತಲೇ ಅಂದರು, “ಈ ಕೈ ಬೀಗ ಹಾಕಿದೆ ನೋಡು. ಪೈಪು ಬಿಚ್ಚೋಕೆ ಇನ್ನು ಮೇಲೆ ನಮ್ಮ ಮನೇಲಿ ಇಬ್ಬರು ಬೇಕು.”

ತಾವೇ ಹೇಳಿದರು! ಯಾರ ಹತ್ತಿರ ಈ ಮಾತು ಬಾರದಿರಲಿ ಎಂದು ಕತ್ತಲಲ್ಲಿ ಕೂತಿದ್ದರೋ, ಅವನ ಹತ್ತಿರ. ಮಾದನ್ ಕೈ ನೋಡಿದ, ಪೈಪು ನೋಡಿದ. ತನ್ನ ತಂಬಾಕಿನ ಚೀಲ ಬಿಚ್ಚಿ ಭಾವನ ಬಲಗಡೆಗೆ ಸರಿಸಿದ. “ನಮ್ಮ ಹಟ್ಟೀಲಿ ಉಳುಮೆಗೂ ಇಬ್ಬರು ಬೇಕು ಅಣ್ಣಾ. ಇನ್ನೇನು?” ಅಷ್ಟೇ. ಅದರ ಮೇಲೆ ಆ ವಿಷಯ ಯಾರೂ ಎತ್ತಲಿಲ್ಲ. ಮಾತು ಗೆಡ್ಡೆಯ ಕಡೆ ಹೋಯಿತು. ಮುಂದಿನ ಬಿತ್ತನೆಗೆ ಬೀಜ ಎಷ್ಟು ಇಟ್ಟಿದ್ದೀಯ, ಮಚ್ಚೆ ರೋಗ ಬಿದ್ದ ಹೊಲದ್ದನ್ನು ಸೇರಿಸಬೇಡ, ಫಸಲು ಮಂಡಿಗೆ ಬಂದಾಗ ನಾನೇ ನೋಡ್ತೀನಿ ಎಂದರು ಭಾವ. ಫಸಲು ಬರುವುದು ಮಳೆ ಬಿಟ್ಟು ಎಷ್ಟೋ ದಿನದ ಮೇಲೆ. ಮಂಡಿ ಮುಚ್ಚುವವನು ಆಡುವ ಮಾತೇ ಇದು, ಅತ್ತೆಯವರೇ?

ಆವತ್ತಿನಿಂದ ಮಧ್ಯಾಹ್ನದ ಕಾಫಿಯಾದ ಮೇಲೆ ಜಗುಲಿಯಲ್ಲಿ ಈ ಹಗ್ಗಜಗ್ಗಾಟ ತಪ್ಪುವುದಿಲ್ಲ. ಮಗ ಮೇಟ್ಟುಪಾಳಯದಿಂದ ಬಂದವನು ನೋಡಿ ದಂಗಾಗಿ, “ನಾನು ಎಳೀತೀನಿ ಕೊಡಪ್ಪ” ಅಂದರೆ, “ನೀನು ಮುರೀತೀಯ. ಅದು ಅವಳಿಗೇ ಗೊತ್ತು” ಎಂದುಬಿಟ್ಟರು. ಬುರುಡೆಗೆ ಎಂಜಲಿಲ್ಲವೆಂದು ಯಾವ ಶಾಸ್ತ್ರದಲ್ಲಿದೆ ಬೆಟ್ಟಯ್ಯ ಎಂದು ಒಮ್ಮೆ ನನ್ನನ್ನು ಕೇಳಿದರು. ಸೊಸೆಶಾಸ್ತ್ರದಲ್ಲಿ ಎಂದೆ. ಭಾವ ನಕ್ಕರು. ವಿದೂಷಕನ ಪಾತ್ರಕ್ಕೆ ನಗದವರು, ಇದಕ್ಕೆ ನಕ್ಕರು!

ಆದ್ದರಿಂದ ಮಹಾಸಭೆಯ ಸಮಕ್ಷಮದಲ್ಲಿ ನಿನ್ನ ಪ್ರಶ್ನೆಗೆ ಉತ್ತರ: ಬರಬೇಡ. ಮಗಳ ಪಕ್ಕ ಬಿಟ್ಟು ಕದಲಬೇಡ. ನಿನ್ನ ಅಣ್ಣ ತಟ್ಟೆ ಖಾಲಿ ಮಾಡುತ್ತಿದ್ದಾರೆ, ಎರಡನೆಯ ಸಲ ಅನ್ನ ಕೇಳುತ್ತಿದ್ದಾರೆ, ನಾನು ತುಪ್ಪ ಹೆಚ್ಚು ಹಾಕಿಸಿಕೊಂಡರೆ ಗದರುತ್ತಿದ್ದಾರೆ. ಇನ್ನೇನು ಬೇಕು?

ಗಿರಿಜೆಗೆ ಆಶೀರ್ವಾದ. ಅತ್ತೆಯವರ ಪಾದಕ್ಕೆ ನಮಸ್ಕಾರ.

ಪರದೆ ಎಳೆಯಲು ಹಗ್ಗ ಹಿಡಿದು ನಿಂತಿರುವ
ನಿನ್ನ
ಬೆಟ್ಟಯ್ಯ

ಮರೆತ ಮಾತು: ರೇವಣ್ಣಾ, ಗಟ್ಟಿಯಾಗಿ ಓದುವುದು ಇಲ್ಲಿಗೆ ಮುಗಿಯಿತು. ಸಭೆ ಚದುರಲಿ, ಗಿರಿಜೆ ಒಳಗೆ ಹೋಗಿ ಮಲಗಲಿ. ಇದನ್ನು ನಿನ್ನ ಅಕ್ಕನ ಕಿವಿಯಲ್ಲಿ ಹೇಳು.

ಮಂಗಳಾ, ಪೈಪು ಮುರಿದ ದಿನ ಆ ಮನೆಯಿಂದ ನಾನು ನೆಟ್ಟಗೆ ಮೋಟಾರು ಬಸ್ಸಿನ ಏಜೆಂಟನ ಹತ್ತಿರ ಹೋದೆ. ಗುಂಡ್ಲುಪೇಟೆಗೆ ಸೀಟು ಕೇಳಿದೆ, ನಿನ್ನನ್ನು ಕರೆತರಲು. ಮಂಗಳವಾರಕ್ಕೆ ಮೊದಲು ಇಲ್ಲವೆಂದ. ಮಂಗಳವಾರವೇ ಇರಲಿ ಎಂದು ಹಿಡಿಸಿ ಬಂದೆ. ಸಾವಿರ ಜನರ ಮುಂದೆ ನಿಂತಿದ್ದೇನೆ. ಗೋಡೆಯ ಕಡೆ ತಿರುಗಿದ ಒಂದೇ ಒಂದು ಬೆನ್ನಿನ ಮುಂದೆ ನಿಲ್ಲಲಾರದೆ ಹೊರಟುಬಂದೆ. ಮಗಳ ಹೆರಿಗೆಗಿಂತ ನನ್ನ ಹೆದರಿಕೆ ದೊಡ್ಡದಾಯಿತು. ಮನೆಗೆ ಬಂದರೆ ನೀನಿಲ್ಲದ ಅಡಿಗೆಮನೆ. ಪೈಪಿನ ಅಂಗಡಿಗೆ ಹೋದದ್ದು ಕೂಡ ಮಂಗಳವಾರದ ತನಕ ಸುಮ್ಮನೆ ಕೂರಲಾರದೆ.

ಆ ಮಂಗಳವಾರ ನಾಳೆ. ಏಜೆಂಟು ಸೀಟು ವಾಪಸು ತೆಗೆದುಕೊಳ್ಳುವುದಿಲ್ಲವಂತೆ. ಸೀಟು ಖಾಲಿ ಹೋಗಬಾರದಲ್ಲ. ಬಸುರಿಯ ಮನೆಗೆ ಇರಲಿ ಎಂದು ಭಾವ ಈ ಸಂಜೆ ಜಗುಲಿಯಲ್ಲಿ ಕುಳಿತು ಒಂದು ಮೂಟೆ ಆಲೂಗೆಡ್ಡೆಯನ್ನು ಒಂದೊಂದಾಗಿ, ಬಲಗೈಯಲ್ಲಿಯೇ ಆರಿಸಿದ್ದಾರೆ. ನಾಳೆ ಬೆಳಿಗ್ಗೆ ಅದನ್ನು ಹೊತ್ತುಕೊಂಡು ಹೋಗಿ ನನ್ನ ಸೀಟಿನಲ್ಲಿ ಕೂರಿಸಿ, ಈ ಕಾಗದವನ್ನು ಅದರ ಕೊರಳಿಗೆ ಕಟ್ಟಿ, ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದು, ಆಮೇಲೆ ಭಾವನ ಜೊತೆ ಮಂಡಿಗೆ ಹೋಗುತ್ತೇನೆ.